ಹಲ್ಲಿ ಸೇತುವೆ ದಾಟಿದ್ದು

ಅವನ ನಿಜವಾದ ಹೆಸರು ಸಂಬಳ ಕೊಡುವವರನ್ನು ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಹಲ್ಲಿ. ಎತ್ತರದ ಕಟ್ಟಡಗಳ ಗಾಜು ಒರೆಸುವುದು ಅವನ ಕಸುಬು. ಮೇಲಿನ ತಾರಸಿಯಿಂದ ಎರಡು ಹಗ್ಗ ಇಳಿಬಿಟ್ಟು, ಗೇಣಗಲದ ಹಲಗೆಯ ಮೇಲೆ ಕೂತು, ಪಕ್ಕಕ್ಕೆ ಸೋಪಿನ ನೀರಿನ ಬಕೆಟ್ಟು ನೇತುಹಾಕಿಕೊಂಡು, ಗಾಜಿನಿಂದ ಗಾಜಿಗೆ ಸರಿಯುತ್ತ ಇಳಿಯುವ ಅವನನ್ನು ರಸ್ತೆಯಲ್ಲಿ ನಿಂತು ನೋಡಿದವರಿಗೆ ಬೇರೆ ಯಾವ ಪ್ರಾಣಿಯೂ ನೆನಪಾಗುವಂತಿರಲಿಲ್ಲ. ಹೆಸರಿಟ್ಟವರು ತಮಾಷೆಗೆ ಇಟ್ಟಿದ್ದರು. ಅವನು ಮಾತ್ರ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದ.

ಗಾಜಿನ ಆಚೆಯ ಲೋಕ ಅವನಿಗೆ ಚೆನ್ನಾಗಿ ಪರಿಚಯ. ಮೇಲಧಿಕಾರಿಗಳು ಬಾಗಿಲು ಹಾಕಿಕೊಂಡು ತೂಕಡಿಸುವುದು, ಮೀಟಿಂಗಿಗೆ ಕೂತವರು ಮೇಜಿನಡಿ ಶೂ ಕಳಚಿ ಕಾಲು ತುರಿಸಿಕೊಳ್ಳುವುದು, ಬೈಸಿಕೊಂಡು ಬಂದವಳು ಕುಂಡದ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಕಣ್ಣೊರೆಸಿಕೊಳ್ಳುವುದು, ಎಲ್ಲ ನೋಡಿದ್ದ. ಒಳಗಿನವರು ಇವನನ್ನು ಕಂಡರೆ ಬೆಚ್ಚಿಬೀಳುತ್ತಿದ್ದರು. ಇವನು ಹಲ್ಲು ಕಿರಿದು ಕೈಬೀಸಿ, ರಬ್ಬರಿನ ಪಟ್ಟಿಯಿಂದ ಸೊಂಯ್ ಎಂದು ಸೋಪಿನ ನೊರೆ ಎಳೆದು ಕೆಳಗಿನ ಮಹಡಿಗೆ ಜಾರುತ್ತಿದ್ದ. ಮಧ್ಯಾಹ್ನದ ಬ್ರೆಡ್ಡನ್ನು ಎಷ್ಟೋ ಸಲ ಹಗ್ಗದಲ್ಲೇ ತೂಗಾಡುತ್ತ ತಿಂದದ್ದುಂಟು. ಕೆಳಗಿಳಿದು ಮತ್ತೆ ಹತ್ತುವುದು ಯಾರಿಗೆ ಬೇಕು ಎನ್ನುತ್ತಿದ್ದ.

ಒಂದು ದೌರ್ಬಲ್ಯವಿತ್ತು. ಹೆದರುವವರನ್ನು ಕಂಡರೆ ಅವನಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಏಣಿಯ ಮೂರನೇ ಮೆಟ್ಟಿಲಿಗೇ ಬೆವರುವ ಪಕ್ಕದ ಮನೆಯವನನ್ನು ಕೂರಿಸಿಕೊಂಡು, "ಭಯ ಅಂದ್ರೆ ಎಲ್ಲಿಂದ ಶುರುವಾಗುತ್ತೆ ಸ್ವಾಮಿ? ಕಾಲಿಂದಲೋ ಹೊಟ್ಟೆಯಿಂದಲೋ? ಸ್ವಲ್ಪ ಹೇಳಿ, ನಾನೂ ತಿಳ್ಕೋತೀನಿ" ಎಂದು ಕಿಚಾಯಿಸುತ್ತಿದ್ದ. ಮನೆಯಲ್ಲಿ ಸ್ಟೂಲು ಹತ್ತಿ ಬಲ್ಬು ಬದಲಿಸುವಾಗ ಜಾರಿದಂತೆ ನಟಿಸಿ ಹೆಂಡತಿಯನ್ನು ಕಿರುಚಿಸುವುದು ಅವನಿಗೆ ಹಳೆಯ ಚಟ. ಹೆಂಡತಿ ಒಂದು ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮೂಗಿಗೆ ಫ್ರೇಮು ಹೊಂದಿಸುವ ಕೆಲಸದಲ್ಲಿದ್ದಳು. ಶಾಂತ ಸ್ವಭಾವದವಳು. ಕಿರುಚಿದ ಮೇಲೆ ಅವಳೇ ನಗುತ್ತಿದ್ದಳು.

ನಗದೇ ಇರುತ್ತಿದ್ದವರು ಅತ್ತೆ. ಆಕೆ ಬಸ್ ಕಂಡಕ್ಟರ್ ಆಗಿ ದುಡಿದು ನಿವೃತ್ತಿಯಾದವರು. ಗಂಡ ಬೇಗ ತೀರಿಹೋದ ಮೇಲೆ ಒಬ್ಬಳೇ ಮಗಳನ್ನು ಆ ಸಂಬಳದಲ್ಲೇ ಸಾಕಿ ಓದಿಸಿದವರು. ಮಂಡಿನೋವು ಜೋರಾದ ಮೇಲೆ ಮಗಳ ಮನೆಗೆ ಬಂದಿದ್ದರು. ಗೋಡೆಗೆ ಅಂಟಿಕೊಂಡು ಬದುಕುವವನಿಗೆ ಮಗಳು ಮನಸೋತದ್ದು ಆಕೆಗೆ ಮೊದಲಿಂದಲೂ ಸರಿಬಂದಿರಲಿಲ್ಲ. ಜಗಳವಾಡಿದವರಲ್ಲ. ಅಳಿಯನನ್ನು ಬಹುವಚನದಲ್ಲಿಟ್ಟು ದೂರ ಕೂರಿಸಿದ್ದರು, ಅಷ್ಟೇ. ಅವನು ಎದುರಿನ ಕುರ್ಚಿಯಲ್ಲೇ ಕೂತಿದ್ದರೂ ಮಗಳ ಕಡೆ ತಿರುಗಿ, "ಅಳಿಯಂದ್ರಿಗೆ ಇನ್ನೊಂದು ಲೋಟ ಟೀ ಬೇಕಾ ಕೇಳು" ಎನ್ನುತ್ತಿದ್ದರು. ಅವನೂ ಹೆಂಡತಿಯ ಕಡೆ ತಿರುಗಿ, "ಬೇಕು ಅಂತ ಹೇಳು ಅತ್ತೆಗೆ" ಎನ್ನುತ್ತಿದ್ದ. ನಡುವೆ ಕೂತವಳು ಇಬ್ಬರನ್ನೂ ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ವರ್ಷ ವಾರದ ಕೊನೆಗೆ ಸೋಮವಾರದ ರಜೆಯೂ ಸೇರಿಕೊಂಡಿತು. ದೂರದ ಪಟ್ಟಣದಲ್ಲಿ, ನದಿ ಸಮುದ್ರ ಸೇರುವ ಕಡೆ, ಕಂಬಿಗಳಿಂದ ತೂಗುಹಾಕಿದ ಆ ಉದ್ದದ ಸೇತುವೆಯನ್ನು ನಡೆದು ದಾಟಬೇಕೆಂಬುದು ಹಲ್ಲಿಗೆ ಚಿಕ್ಕಂದಿನ ಆಸೆ. ಕ್ಯಾಲೆಂಡರಿನಲ್ಲಿ, ಬಿಸ್ಕತ್ತಿನ ಡಬ್ಬದ ಮುಚ್ಚಳದಲ್ಲಿ ಅದನ್ನು ನೋಡದವರೇ ಇಲ್ಲ. ಪ್ರೈಮರಿ ಶಾಲೆ ಮುಗಿಸುವ ಹೊತ್ತಿಗೆ ಬಂದಿದ್ದ ಅವನ ಮಗಳು ಹೊರಡುವ ಹಿಂದಿನ ದಿನವೇ ಶೂ ಹಾಕಿಕೊಂಡು ಮನೆತುಂಬ ಓಡಾಡಿದಳು. ಅತ್ತೆಯನ್ನು ಒಬ್ಬರನ್ನೇ ಬಿಟ್ಟುಹೋಗುವಂತಿರಲಿಲ್ಲ.

"ಸೇತುವೆ ಇರೋದು ಬಸ್ಸಲ್ಲಿ ಕೂತು ದಾಟೋಕೆ. ದುಡ್ಡು ಕೊಟ್ಟು ಅಷ್ಟು ದೂರ ಹೋಗಿ ನಡೀತಾರಂತೆ!" ಎಂದು ಗೊಣಗಿದರಾದರೂ ಕೈಚೀಲಕ್ಕೆ ನೋವಿನ ಮಾತ್ರೆ ಎಲ್ಲರಿಗಿಂತ ಮೊದಲು ತುಂಬಿಕೊಂಡವರು ಅವರೇ.

ರೈಲಿನಲ್ಲಿ ಹಲ್ಲಿಯ ಬಾಯಿಗೆ ಬಿಡುವಿರಲಿಲ್ಲ. ಎದುರು ಸೀಟಿನ ಅಪರಿಚಿತರಿಗೂ ತನ್ನ ಕಸುಬಿನ ಕತೆ ಹೇಳಿದ. "ಆ ಸೇತುವೆ ಎತ್ತರ ನಮಗೆ ಲೆಕ್ಕವೇ ಅಲ್ಲ. ಅದಕ್ಕಿಂತ ಎತ್ತರದಲ್ಲಿ ನಾನು ಮೂಗು ಕೆರ್ಕೊಂಡು ಕೂತಿರ್ತೀನಿ" ಎಂದ. ಮಗಳು ಹೆಮ್ಮೆಯಿಂದ ಅವನ ತೋಳಿಗೆ ಒರಗಿದಳು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಲಾಡ್ಜಿನಲ್ಲಿ ಸಿಕ್ಕ ಕೋಣೆಗೆ ಒಂದೇ ಕಿಟಕಿ. ತೆರೆದರೆ ಪಕ್ಕದ ಕಟ್ಟಡದ ಗೋಡೆ. "ಇಷ್ಟು ದೂರ ಬಂದು ಗೋಡೆ ನೋಡೋ ಭಾಗ್ಯ" ಎಂದರು ಅತ್ತೆ.

ಮರುದಿನ ತಿಂಡಿ ಮುಗಿಸಿ ಸೇತುವೆಯ ಬುಡಕ್ಕೆ ಬಂದಾಗ ಬಿಸಿಲು ಹಿತವಾಗಿತ್ತು. ನಡೆಯುವವರ ದಾರಿ ವಾಹನಗಳ ರಸ್ತೆಯ ಪಕ್ಕದಲ್ಲೇ, ಎದೆಮಟ್ಟದ ಕಂಬಿಬೇಲಿಯ ಅಂಚಿಗೆ. ಜನವೋ ಜನ. ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡವರು, ಕೈಕೈ ಹಿಡಿದ ಜೋಡಿಗಳು, ಒಂದೇ ಬಣ್ಣದ ಟೋಪಿ ಹಾಕಿಕೊಂಡ ನಿವೃತ್ತರ ದೊಡ್ಡ ಗುಂಪು. ಅತ್ತೆ ಕೋಲೂರಿಕೊಂಡು, "ನೀವು ಹೋಗ್ತಿರಿ, ನಾನು ನನ್ನ ಸ್ಪೀಡಲ್ಲಿ ಬರ್ತೀನಿ" ಎಂದರು. ಹಲ್ಲಿ ಮಗಳ ಕೈಹಿಡಿದು ಮುಂದೆ ನಡೆದ. ಮೊದಲ ಗೋಪುರದ ಹತ್ತಿರ ನಿಂತು, ಬಣ್ಣ ಬಳಿಯುವವರು ಎಲ್ಲಿ ಹಗ್ಗ ಕಟ್ಟುತ್ತಾರೆ, ಎಲ್ಲಿ ಕಾಲು ಕೊಡುತ್ತಾರೆ ಎಂದು ತೋರಿಸಿದ. ಗಾಳಿ ಜೋರಾಗುತ್ತ ಹೋಯಿತು. ಅವನಿಗೆ ಅದೇ ಖುಷಿ. ಅಂಗಿಯ ಗುಂಡಿ ಬಿಚ್ಚಿಕೊಂಡು ನಡೆದ.

ಸೇತುವೆಯ ನಟ್ಟನಡುವಿಗೆ ಬಂದಿರಬೇಕು. ಅಲ್ಲಿ ಕಾಲಡಿಯ ಕಾಂಕ್ರೀಟು ಮುಗಿದು ಒಂದಷ್ಟು ದೂರ ಕಬ್ಬಿಣದ ಜಾಲರಿ ಹಾಸಿದ್ದರು. ಜಾಲರಿಯ ಕಣ್ಣುಗಳಲ್ಲಿ ಆಳದ ಹಸಿರು ನೀರು ಚೂರುಚೂರಾಗಿ ಕಾಣುತ್ತಿತ್ತು. ಕೆಳಗೆ ಒಂದು ಸರಕಿನ ಹಡಗು ಸೇತುವೆಯಡಿ ನುಸುಳಿ ಹೊರಬರುತ್ತಿತ್ತು. ಅದರ ಮೇಲೆ ಯಾರೋ ಬಟ್ಟೆ ಒಣಹಾಕುತ್ತಿದ್ದರು.

"ಅಪ್ಪಾ, ಅಲ್ನೋಡು, ಹಡಗಲ್ಲಿ ಬಟ್ಟೆ!" ಎಂದು ಮಗಳು ಕೈಬಿಡಿಸಿಕೊಂಡು ಓಡಿದಳು. ಕಂಬಿಬೇಲಿಯ ಕೆಳಗಿನ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ಹತ್ತಿ, ಮೇಲಿನ ಕಂಬಿಗೆ ಹೊಟ್ಟೆ ಕೊಟ್ಟು ಬಗ್ಗಿ ಎರಡೂ ಕೈ ಬೀಸಿದಳು. ಆ ರಭಸಕ್ಕೆ ಅವಳ ಶೂಗಳು ಪಟ್ಟಿಯಿಂದ ಒಂದು ಗಳಿಗೆ ಮೇಲೆದ್ದವು. ಒಂದೇ ಗಳಿಗೆ. ಮರುಕ್ಷಣ ಅವಳು ಇಳಿದು ಜಾಲರಿಯ ಮೇಲೆ ನಿಂತಿದ್ದಳು, ನಗುತ್ತಿದ್ದಳು. ಏನೂ ಆಗಿರಲಿಲ್ಲ.

ಹಲ್ಲಿ "ಇಳಿಯೇ" ಎಂದು ಕೂಗಿದ್ದ. ಕೂಗಿದೆ ಅಂದುಕೊಂಡಿದ್ದ. ಬಾಯಿಂದ ಸದ್ದೇ ಬಂದಿರಲಿಲ್ಲ.

ಆಮೇಲೆ ಅದು ಶುರುವಾಯಿತು. ಅಂಗಾಲಿನಲ್ಲಿ ಮೊದಲು, ಜುಮ್ಮೆಂದು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಆಗಲೇ ರಸ್ತೆಯಲ್ಲಿ ಭಾರದ ಲಾರಿಯೊಂದು ಹಾದು ಸೇತುವೆ ಸಣ್ಣಗೆ ನಡುಗಿತು. ಅವನು ಕಂಬಿಯನ್ನು ಹಿಡಿದುಕೊಂಡ. ಹಿಡಿದದ್ದು ತಾನೋ, ಕೈ ತಾನೇ ಹೋಗಿ ಹಿಡಿಯಿತೋ ಗೊತ್ತಾಗಲಿಲ್ಲ. ಬಿಡೋಣವೆಂದರೆ ಬೆರಳು ಬಿಚ್ಚಲಿಲ್ಲ. ತನ್ನ ಕೈಗಳನ್ನೇ ಬಿಟ್ಟಕಣ್ಣಿಂದ ನೋಡಿದ. ಗೆಣ್ಣುಗಳು ಬೆಳ್ಳಗಾಗಿದ್ದವು. ಯಾರದೋ ಕೈ ತಂದು ತನಗೆ ಜೋಡಿಸಿದ ಹಾಗಿತ್ತು. ಇಷ್ಟು ವರ್ಷ ಅನ್ನ ಹಾಕಿದ ಕೈ ಇದೇನಾ?

ಎದೆ ಒಡೆಯುತ್ತಿದೆ, ಸಾಯುತ್ತಿದ್ದೇನೆ ಅಂದುಕೊಂಡ. ಭಯ ಎಂಬ ಪದ ಅವನಿಗೆ ಹೊಳೆಯಲೇ ಇಲ್ಲ.

ಹಿಂದಿನಿಂದ ಬಂದ ಹೆಂಡತಿ ಅವನ ಭಂಗಿ ನೋಡಿ ನಕ್ಕಳು. "ಶುರುವಾಯ್ತಾ ನಿಮ್ಮ ನಾಟಕ? ಸ್ಟೂಲಿಂದ ಬೀಳೋದು ಸಾಲದು ಅಂತ ಈಗ ಸೇತುವೇನಾ?" ಎಂದು ಫೋನು ತೆಗೆದು ಒಂದು ಫೋಟೋ ಹೊಡೆದಳು. ಫೋಟೋ ನೋಡಿಕೊಂಡಳು. ಫೋನಿನಲ್ಲಿ ಕಂಡ ಮುಖ ಅವಳ ಗಂಡನದಾಗಿರಲಿಲ್ಲ. ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡ, ಬಾಯಿ ತೆರೆದ ಒಂದು ಮುಖ.

"ರೀ... ರೀ, ಏನಾಯ್ತ್ರೀ?"

ಅವನು ಕಂಬಿ ಹಿಡಿದುಕೊಂಡೇ ಕುಸಿದು ಜಾಲರಿಯ ಮೇಲೆ ಕೂತ. ಕೂತರೆ ಕಾಲಡಿ ನೀರು. ಕಣ್ಣುಮುಚ್ಚಿದ. ಮುಚ್ಚಿದ ಕಣ್ಣೊಳಗೆ ಮಗಳ ಶೂಗಳು ಮೇಲೆದ್ದವು. ಮತ್ತೆ ತೆರೆದ.

ಜನ ಸೇರಲು ಎಷ್ಟು ಹೊತ್ತು? ಒಬ್ಬರು ನೀರಿನ ಬಾಟಲಿ ಮೂತಿಗೆ ಹಿಡಿದರು, ಇನ್ನೊಬ್ಬರು ಅಂಗಿ ಸಡಿಲಿಸಿ ಎಂದರು, ಟೋಪಿಯ ಗುಂಪಿನ ಅಜ್ಜ ನಾಡಿ ನೋಡಲು ಬಂದ. ಕಾವಲಿನವನು ಸೀಟಿ ಊದುತ್ತ ಬಂದು ನೋಡಿ ಸಮಾಧಾನದಿಂದಲೇ ಹೇಳಿದ: "ಎದೆನೋವಲ್ಲ ಇದು. ರಜೆ ದಿನ ಬಂತು ಅಂದ್ರೆ ಹೀಗೆ ಒಬ್ಬಿಬ್ಬರು ಇದ್ದೇ ಇರ್ತಾರೆ. ಎತ್ತರ ಆಗದವರು ಯಾಕಾದ್ರೂ ಬರ್ತಾರೋ. ಯಜಮಾನ್ರೇ, ಏನು ಕೆಲಸ ನಿಮ್ದು? ಆಫೀಸಲ್ಲಿ ಕೂತು ಬರೆಯೋದಾ?"

ಉತ್ತರ ಕೊಟ್ಟವಳು ಮಗಳು. ಅಳು ನುಂಗಿಕೊಂಡು, ಆದರೆ ತಲೆಯೆತ್ತಿಯೇ ಹೇಳಿದಳು: "ನಮ್ಮಪ್ಪ ದೊಡ್ಡ ಬಿಲ್ಡಿಂಗ್‌ಗಳಿಗೆಲ್ಲ ಹಗ್ಗದಲ್ಲಿ ಇಳಿದು ಗಾಜು ಒರೆಸ್ತಾರೆ. ಅವರಿಗೆ ಎತ್ತರ ಅಂದ್ರೆ ಭಯನೇ ಇಲ್ಲ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಕಾವಲಿನವನು ಮಗುವನ್ನೂ ತಂದೆಯನ್ನೂ ನೋಡಿ ಸೀಟಿಯನ್ನು ಜೇಬಿಗಿಳಿಸಿದ. ಆಗಲೇ ಹಲ್ಲಿಗೆ ಅರ್ಥವಾದದ್ದು. ಇದು ಅದು. ಪಕ್ಕದ ಮನೆಯವನನ್ನು ಕೂರಿಸಿಕೊಂಡು ಎಲ್ಲಿಂದ ಶುರುವಾಗುತ್ತದೆ ಎಂದು ಕೇಳುತ್ತಿದ್ದನಲ್ಲ, ಅದೇ. ಸಿಡಿಲು ಹೊಡೆದ ಹಾಗಾಯಿತು. ಸಾಯುತ್ತಿದ್ದೇನೆ ಅನ್ನಿಸಿದಾಗಲೂ ಅಷ್ಟು ದಿಗಿಲಾಗಿರಲಿಲ್ಲ.

"ಜಾಗ ಬಿಡ್ರೀ! ಜಾಗ ಬಿಡಿ! ಇಲ್ಲೇನು ಸಿನಿಮಾ ನಡೀತಿದ್ಯಾ? ಮುಂದೆ ನಡೀರಿ, ಮುಂದೆ ಖಾಲಿ ಇದೆ!"

ಗಾಳಿಯನ್ನೂ ಸೀಳುವ ಆ ದನಿಗೆ ಗುಂಪು ತನ್ನಿಂದ ತಾನೇ ಇಬ್ಭಾಗವಾಯಿತು. ಟೋಪಿಯ ಅಜ್ಜ ಜೇಬಿಗೆ ಕೈಹಾಕಿ ಚಿಲ್ಲರೆ ಹುಡುಕುವಂತೆ ತಡವರಿಸಿ ಮುಂದೆ ಹೋದ. ಕೋಲೂರಿಕೊಂಡು ಬಂದ ಅತ್ತೆ ಅಳಿಯನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ತಮ್ಮ ಮಗಳ ಕಡೆ ತಿರುಗಿದರು. "ನೀನು ಮಗೂನ ಕರ್ಕೊಂಡು ಆ ತುದಿಗೆ ಹೋಗು. ತಿರುಗಿ ನೋಡಬೇಡಿ."

"ಅಮ್ಮಾ, ಇವರನ್ನ ಹೀಗೆ ಬಿಟ್ಟು..."

"ನೀವಿಬ್ರೂ ಎದುರಿಗಿದ್ರೆ ಈತ ಏಳಲ್ಲ. ಹೋಗು ಅಂದೆ."

ಅವರು ಹೋದರು. ಅತ್ತೆ ಬಂದು ಅವನಿಗೂ ಕಂಬಿಗೂ ನಡುವೆ ತಮ್ಮ ದಪ್ಪ ಶರೀರವನ್ನು ತೂರಿಸಿ ನಿಂತರು. ಈಗ ಅವನಿಗೆ ನೀರು ಕಾಣಲಿಲ್ಲ. ಅತ್ತೆಯ ಕಂದು ಕೋಟು, ಅದರ ಸಡಿಲಾದ ಗುಂಡಿ ಮಾತ್ರ ಕಂಡಿತು.

"ಏಳಪ್ಪಾ" ಎಂದರು.

ಅವನ ಜನ್ಮದಲ್ಲಿ ಆಕೆ ಅವನಿಗೆ ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು.

"ಆಗಲ್ಲ ಅತ್ತೆ. ಕೈ ಬರ್ತಿಲ್ಲ."

"ಬರಲ್ಲ. ಗೊತ್ತು ನನಗೆ. ಒಂದೊಂದೇ ಬೆರಳು ಬಿಡು. ಕಿರುಬೆರಳಿಂದ ಶುರು ಮಾಡು. ಹಾಂ. ಈಗ ಇದನ್ನ ಹಿಡ್ಕೋ." ಎಂದು ತಮ್ಮ ಕೈಚೀಲದ ಪಟ್ಟಿಯನ್ನು ಅವನ ಅಂಗೈಗೆ ತುರುಕಿದರು. "ಗಟ್ಟಿಯಾಗಿ ಹಿಡ್ಕೋ, ಏನೂ ಹರಿಯಲ್ಲ. ಕಣ್ಣು ಮುಚ್ಚು. ನಾನು ಹೇಳಿದ ಕಡೆ ಮಾತ್ರ ಕಾಲಿಡು. ಹಿಂದಕ್ಕೆ ಹೋದ್ರೂ ಅಷ್ಟೇ ದೂರ, ಮುಂದಕ್ಕೆ ಹೋದ್ರೂ ಅಷ್ಟೇ ದೂರ. ಮುಂದಕ್ಕೇ ಹೋಗೋಣ."

ಹೀಗೆ ಹೊರಟಿತು ಆ ಮೆರವಣಿಗೆ. ಮಂಡಿನೋವಿನ ಒಬ್ಬ ಹೆಂಗಸು ಮುಂದೆ, ಅವಳ ಕೈಚೀಲ ಹಿಡಿದುಕೊಂಡು ಕಣ್ಣುಮುಚ್ಚಿದ ಗಟ್ಟಿಮುಟ್ಟಾದ ಗಂಡಸು ಹಿಂದೆ. ಎದುರು ಬರುವವರು ಇವನಿಗೆ ಕಣ್ಣು ಕಾಣುವುದಿಲ್ಲವೆಂದು ತಿಳಿದು ದಾರಿ ಬಿಟ್ಟರು.

"ಮಾತಾಡ್ತಿರು" ಎಂದರು ಅತ್ತೆ.

"ಏನು ಮಾತಾಡ್ಲಿ?"

"ನಿನ್ನ ಬಾಯಿ ರೈಲಲ್ಲೇ ಬಿಟ್ಟು ಬಂದ್ಯಾ? ಸರಿ, ನಾನೇ ಮಾತಾಡ್ತೀನಿ. ನನ್ನ ಬಸ್ಸು ಹತ್ತಿದ್ದೀಯ ಅಂದ್ಕೋ. ಗಡಿಯಾರದ ಕಂಬ ಬಿಟ್ಟಿತು. ಮುಂದಿನ ಸ್ಟಾಪು ಹಳೇ ಆಸ್ಪತ್ರೆ. ಆಸ್ಪತ್ರೇಲಿ ಹತ್ತೋರು ಟಿಕೆಟ್ ಕೇಳಿದ್ರೆ ಕಾಯಿಲೆ ಹೇಳ್ತಾರೆ, ಎಚ್ಚರ. ಕಾಲೆತ್ತಿಡು, ಇಲ್ಲಿ ಜಾಲರಿ ಮುಗೀತು, ಇನ್ನು ಕಾಂಕ್ರೀಟು. ಆಸ್ಪತ್ರೆ ಆಯ್ತು. ಮೀನಿನ ಮಾರುಕಟ್ಟೆ. ಮೂಗು ಮುಚ್ಕೋ."

ಅವನ ಗಂಟಲಿನಿಂದ ನಗುವಿನಂಥದ್ದೊಂದು ಹೊರಟು ಅರ್ಧದಲ್ಲೇ ನಿಂತಿತು. ಆಕೆ ಹುಡುಗಿಯರ ಶಾಲೆ ದಾಟಿಸಿದರು. ಅಲ್ಲಿ ಹತ್ತುವ ಹುಡುಗಿಯರು ಹೇಗೆ ಒಂದೇ ಸೀಟಿನಲ್ಲಿ ನಾಲ್ವರು ಕೂರುತ್ತಿದ್ದರೆಂದು ಹೇಳಿದರು. ಗಾಜಿನ ಕಾರ್ಖಾನೆ ದಾಟಿಸಿದರು. ಒಂದು ಬಸ್ಸು ಪಕ್ಕದಲ್ಲಿ ಹಾದು ನೆಲ ನಡುಗಿದಾಗ ಅವನು ಮತ್ತೆ ನಿಂತುಬಿಟ್ಟ. ಆಕೆಯೂ ನಿಂತರು. ಆಕೆಯ ಏದುಸಿರು ಅವನಿಗೆ ಕೇಳಿಸುತ್ತಿತ್ತು. ಮಂಡಿ ಎಷ್ಟು ನೋಯುತ್ತಿದೆಯೋ.

"ಮುಂದಿನದು ನೂಲಿನ ಗಿರಣಿ" ಎಂದರು. ದನಿ ಸ್ವಲ್ಪ ಇಳಿದಿತ್ತು. "ಗಿರಣಿ ಹತ್ತಿರ ಒಂದು ಇಳಿಜಾರಿದೆ. ಅಲ್ಲಿ ಒಂದು ದಿನ ನಮ್ಮ ಗಾಡಿ ಬ್ರೇಕು ಹಿಡೀಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಗೋಡೆಗೆ ಹೊಡೀತು. ಸತ್ತೋರಿಲ್ಲ, ಡ್ರೈವರ್ ಕಾಲು ಮುರೀತು, ನನಗೆ ಒಂದು ಗೀರೂ ಆಗ್ಲಿಲ್ಲ. ಮಾರನೇ ದಿನ ಡಿಪೋಗೆ ಹೋದೆ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡೋಣ ಅಂದ್ರೆ ಕಾಲು ಮೇಲೇಳಲ್ಲ. ನನ್ನ ಕಾಲೇ, ನನ್ನ ಮಾತು ಕೇಳಲ್ಲ. ಹೋಗಿ ಪಾಯಿಖಾನೇಲಿ ಕೂತು ಅತ್ತುಬಿಟ್ಟೆ. ಮುಂದಿನ ದಿನಾನೂ ಅದೇ. ಅದರ ಮುಂದಿನ ದಿನಾನೂ."

ಅವನು ಕಣ್ಣು ತೆರೆದ. ಈ ಹೆಂಗಸು? ಕುಡಿದು ಗಲಾಟೆ ಮಾಡುವವರನ್ನು ಕಾಲರ್ ಹಿಡಿದು ಬಸ್ಸಿನಿಂದ ಇಳಿಸುತ್ತಿದ್ದಳೆಂದು ಹೆಂಡತಿ ನೂರು ಸಲ ಹೇಳಿದ್ದಾಳೆ!

"ಆಮೇಲೆ?"

"ಆಮೇಲೇನು. ಒಬ್ಬ ಮುದುಕ ಡ್ರೈವರ್ ಇದ್ದ. ಶೆಡ್ಡಲ್ಲಿ ನಿಂತಿರೋ ಬಸ್ಸಲ್ಲಿ ಕೂತು ಟೀ ಕುಡಿಯೋಣ ಬಾ ಅಂತ ದಿನಾ ಕರೀತಿದ್ದ. ನಿಂತಿರೋ ಬಸ್ಸು ತಾನೇ ಅಂತ ಹೋಗ್ತಿದ್ದೆ. ಒಂದಿನ ಟೀ ಕುಡೀತಿರೋವಾಗ ಹೇಳದೆ ಕೇಳದೆ ಎಂಜಿನ್ ಶುರು ಮಾಡಿಬಿಟ್ಟ. ಲೋಟ ಎಸೆದೆ ಅವನ ತಲೆಗೆ. ಬಾಯಿಗೆ ಬಂದ ಹಾಗೆ ಬೈದೆ. ಬೈದು ಮುಗಿಸಿ ನೋಡ್ತೀನಿ, ಬಸ್ಸು ಗಡಿಯಾರದ ಕಂಬದ ಹತ್ತಿರ ಇದೆ."

"ಇದನ್ನ ಇವಳು ಯಾವತ್ತೂ ಹೇಳಿಲ್ವಲ್ಲ ಅತ್ತೆ."

"ಅವಳಿಗೆ ಗೊತ್ತಿದ್ರೆ ತಾನೇ ಹೇಳೋದು? ಚಿಕ್ಕ ಮಗು ಆಗ. ಇರೋಳೊಬ್ಬಳು ಅಮ್ಮ, ಅವಳಿಗೂ ಭಯ ಅಂದ್ರೆ ಮಗು ರಾತ್ರಿ ಯಾರನ್ನ ತಬ್ಕೊಂಡು ಮಲಗ್ಬೇಕು? ನೀನೂ ಬಾಯಿ ಬಿಡಬೇಡ. ಕಣ್ಣು ಯಾಕೆ ತೆಗೆದೆ? ಮುಚ್ಚು."

ಸ್ವಲ್ಪ ದೂರ ನಡೆದರು. ಆಮೇಲೆ ಆಕೆಯೇ, ಕೇಳದಿದ್ದರೂ, ಸಿಡುಕಿದರು: "ನಿನ್ನ ಕಂಡ್ರೆ ನನಗೆ ಯಾಕೆ ಆಗ್ತಿರಲಿಲ್ಲ ಗೊತ್ತಾ? ನಿನ್ನ ಕೆಲಸಕ್ಕಲ್ಲ. ಕೆಲಸ ಯಾವುದಾದ್ರೇನು. ನನಗೆ ಭಯ ಅಂದ್ರೇನೇ ಗೊತ್ತಿಲ್ಲ ಅಂತ ಮದುವೆ ದಿನ ಎಲ್ಲರ ಮುಂದೆ ಹೇಳ್ಕೊಂಡು ಓಡಾಡಿದ್ಯಲ್ಲ. ಇಂಥೋನು ಒಂದಿನ ಮೇಲಿಂದ ಬೀಳ್ತಾನೆ, ನನ್ನ ಮಗಳೂ ನನ್ನ ಹಾಗೇ ಆಗ್ತಾಳೆ ಅಂತ ಅವತ್ತೇ ಅಂದ್ಕೊಂಡೆ. ಡಿಪೋ ಬಂತು. ಎಲ್ಲರೂ ಇಳ್ಕೊಳಿ."

ಕಾಲಡಿ ಮಣ್ಣಿತ್ತು. ಹಲ್ಲಿ ಅಲ್ಲೇ ಹುಲ್ಲಿನ ಮೇಲೆ ಕೂತು ಎರಡೂ ಅಂಗೈ ನೆಲಕ್ಕೆ ಒತ್ತಿದ. ಹೆಂಡತಿ ಓಡಿಬಂದು ಅವನ ತಲೆಯನ್ನು ಅವುಚಿಕೊಂಡಳು. ಮಗಳು ದೂರದಲ್ಲೇ ನಿಂತಿದ್ದಳು, ಅಪರಿಚಿತರ ಮನೆಗೆ ಬಂದವಳ ಹಾಗೆ. ಬಹಳ ಹೊತ್ತಿನ ಮೇಲೆ ಹತ್ತಿರ ಬಂದಳು.

"ಅಪ್ಪಾ, ನಾನು ಬಗ್ಗಿ ನೋಡಿದ್ದಕ್ಕಾ ಹೀಗಾಗಿದ್ದು?"

ಅಲ್ಲ ಎನ್ನಲು ಬಾಯಿ ತೆರೆದ. ಸುಳ್ಳು ಹೇಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. "ಹೌದು ಪುಟ್ಟಿ. ನೀನು ಬಿದ್ದುಬಿಟ್ಟೆ ಅನ್ನಿಸ್ತು."

"ಆದ್ರೆ ನೀನು ದಿನಾ ಬಗ್ತೀಯಲ್ಲ."

"ನಾನು ಬೇರೆ."

"ಹೆಂಗೆ ಬೇರೆ?" ಎಂದಳು ಅವಳು.

ಲಾಡ್ಜಿಗೆ ಬಸ್ಸಿನಲ್ಲಿ ವಾಪಸಾದರು. ಅತ್ತೆ ಕಿಟಕಿಯ ಪಕ್ಕ ಕೂತು, ಅವನನ್ನು ಈಚೆ ಬದಿಗೆ ಕೂರಿಸಿಕೊಂಡು, ಸೇತುವೆ ಮುಗಿಯುವವರೆಗೂ ಅಲ್ಲಿನ ಕಂಡಕ್ಟರನಿಗೆ ಚಿಲ್ಲರೆ ಕೊಡಲು ಬರುವುದಿಲ್ಲವೆಂದು ಬೈದರು. ಕೋಣೆಯಲ್ಲಿ ಅಜ್ಜಿ ಮೊಮ್ಮಗಳು ಊಟ ತರಲು ಹೋದಾಗ ಹೆಂಡತಿ ಮಂಚದ ತುದಿಯಲ್ಲಿ ಕೂತು ಅವನ ಬೆರಳುಗಳನ್ನು ನೀವುತ್ತ ಮೆಲ್ಲಗೆ ಹೇಳಿದಳು: "ಸಾಯಂಕಾಲ ನೀವು ಬಾಗಿಲಿಗೆ ಕೀ ಹಾಕೋ ಸದ್ದು ಕೇಳೋವರೆಗೂ ನನ್ನ ಹೊಟ್ಟೇಲಿ ದಿನಾ ಹೀಗೇ ಆಗುತ್ತೆ. ಅಂಗಡೀಲಿ ಆಂಬುಲೆನ್ಸ್ ಸದ್ದು ಕೇಳಿದ್ರೆ ಕೈಲಿರೋ ಕನ್ನಡಕ ಕೆಳಗಿಡ್ತೀನಿ. ನೀವು ಸ್ಟೂಲಿಂದ ಬೀಳೋ ಆಟ ಆಡ್ತೀರಲ್ಲ, ಕಿರುಚಿ ಆದ್ಮೇಲೆ ಯಾಕೆ ನಗ್ತಿದ್ದೆ ಗೊತ್ತಾ? ಇದು ಆಟ ಅಂತ ಗೊತ್ತಾಗೋ ಖುಷಿಗೆ."

ಆ ದಿನ ಅವನಿಗೆ ಬಿದ್ದ ಪೆಟ್ಟುಗಳಲ್ಲಿ ಇದು ಎಷ್ಟನೆಯದೋ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳ ಹೊಟ್ಟೆಯೊಳಗೆ ಇದಿತ್ತು. ಅವನು ಅದನ್ನು ತಮಾಷೆಯ ಕಿರುಚಾಟ ಅಂದುಕೊಂಡಿದ್ದ.

ರಜೆ ಮುಗಿಯಿತು. ಮಂಗಳವಾರ ಕೆಲಸಕ್ಕೆ ಹೋಗಲೇಬೇಕು. ಅವನ ಜೊತೆ ಪಕ್ಕದ ಹಗ್ಗದಲ್ಲಿ ಇಳಿಯುವವನೊಬ್ಬನಿದ್ದ. ಇಡೀ ದಿನ ಒಂದು ನಿಮಿಷ ಬಾಯಿ ಮುಚ್ಚದ ಆಸಾಮಿ, ಹಾಗಾಗಿ ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ತಾರಸಿಯ ಮೇಲೆ ಹಗ್ಗ ಬಿಗಿಯುತ್ತಿದ್ದಾಗ ಹಲ್ಲಿ ಇದ್ದದ್ದನ್ನು ಇದ್ದ ಹಾಗೆ ಅವನಿಗೆ ಹೇಳಿಬಿಟ್ಟ. ನಗಲಿ, ಊರೆಲ್ಲ ಸಾರಲಿ ಎಂದು ಸಿದ್ಧನಾಗಿಯೇ ಹೇಳಿದ. ಮೌನಿ ನಗಲಿಲ್ಲ. ಕೊಕ್ಕೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತ.

"ನನಗೆ ದಿನಾ ಆಗುತ್ತೆ ಮಾರಾಯ" ಎಂದ ಕೊನೆಗೆ.

"ಏನು ದಿನಾ?"

"ಅದೇ. ಈ ಅಂಚು ದಾಟೋವಾಗ. ಬಂದ ಮೊದಲ ದಿನದಿಂದ. ಮಾತು ನಿಲ್ಲಿಸಿದ್ರೆ ಕೈ ನಡುಗುತ್ತೆ, ಅದಕ್ಕೇ ಮಾತಾಡ್ತಿರ್ತೀನಿ. ನೀನೊಬ್ಬ ಬಿಟ್ಟು ನಮ್ಮಲ್ಲಿ ಎಲ್ಲರಿಗೂ ಆಗುತ್ತೆ. ನಿನ್ನ ಮುಂದೆ ಯಾರು ಹೇಳ್ತಾರೆ? ಆಡಿಕೊಂಡು ನಗ್ತೀಯ."

ಹಲ್ಲಿ ತಾರಸಿಯ ಕಟ್ಟೆಗೆ ಒರಗಿ ನಿಂತ. ತಾನೊಬ್ಬನೇ ಧೈರ್ಯವಂತನೆಂದು ನಂಬಿ ಇಷ್ಟು ಜನರ ನಡುವೆ ಬದುಕಿದ್ದ. ಅವರೆಲ್ಲ ಬೆಳಗ್ಗೆ ಎದ್ದು, ಈ ಹಾಳಾದ್ದನ್ನು ಎದೆಯಲ್ಲಿಟ್ಟುಕೊಂಡೇ, ಟೀ ಕುಡಿದು ಕೆಲಸಕ್ಕೆ ಬರುತ್ತಿದ್ದರು!

ಗಂಟುಗಳನ್ನು ಎರಡೆರಡು ಸಲ ಎಳೆದು ನೋಡಿ ಅಂಚು ದಾಟಿದ. ಕೈ ನಡುಗುತ್ತದೆಂದು ಕಾದ. ನಡುಗಲಿಲ್ಲ. ಹಲಗೆ ಎಂದಿನಂತೆ ಕೂರಿಸಿಕೊಂಡಿತು, ಗಾಳಿ ಎಂದಿನಂತೆ ಬೆನ್ನು ತಟ್ಟಿತು. ರಸ್ತೆ ಕೆಳಗೆ ಎಲ್ಲಿರಬೇಕೋ ಅಲ್ಲಿತ್ತು. ಹೆದರಿಕೆಗಿಂತ ಇದೇ ಅವನನ್ನು ಹೆಚ್ಚು ಕಂಗೆಡಿಸಿತು. ಅದೇ ಮನುಷ್ಯ ಸಂಜೆ ಮನೆಗೆ ಹೋಗಿ, ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಮಗಳು ಒಣಗಿದ ಬಟ್ಟೆ ತೆಗೆಯುತ್ತಿದ್ದುದನ್ನು ಕಂಡು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಒಂದು ಹೆಜ್ಜೆ ಮುಂದಿಡಲಾಗಲಿಲ್ಲ.

ಅದು ಹಾಗೇ ಉಳಿಯಿತು. ಯಾವ ಡಾಕ್ಟರೂ ಅದಕ್ಕೆ ತೃಪ್ತಿಯಾಗುವಂಥ ಕಾರಣ ಹೇಳಲಿಲ್ಲ. ಅವನು ಹಗ್ಗದ ಕೆಲಸ ಬಿಡಲಿಲ್ಲ. ಸ್ಟೂಲಿನ ಆಟ ಬಿಟ್ಟ. ಬ್ರೆಡ್ಡು ತಿನ್ನಲು ಕೆಳಗಿಳಿದು ಬರತೊಡಗಿದ. ಸಂಜೆ ಕೆಲಸ ಮುಗಿದು ನೆಲಕ್ಕೆ ಕಾಲು ತಾಗಿದ ಕೂಡಲೇ ಹೆಂಡತಿಗೆ ಒಂದು ಮಿಸ್ಡ್ ಕಾಲ್ ಕೊಡುವುದನ್ನು ರೂಢಿ ಮಾಡಿಕೊಂಡ. ಅತ್ತೆ ಮತ್ತೆ ಬಹುವಚನಕ್ಕೆ ಮರಳಿದರು. ಆದರೆ ಟೀ ಬೇಕಾ ಎಂದು ಈಗ ಅವನನ್ನೇ ಕೇಳುತ್ತಿದ್ದರು. ಗಿರಣಿಯ ಇಳಿಜಾರಿನ ವಿಷಯ ಅವನು ಆಕೆ ಇರುವವರೆಗೂ ಯಾರಿಗೂ ಬಾಯಿ ಬಿಡಲಿಲ್ಲ.

ಮುಂದಿನ ವರ್ಷ ಮಗಳ ಶಾಲೆಯವರು ಮಕ್ಕಳನ್ನೆಲ್ಲ ಅದೇ ಸೇತುವೆಗೆ ಪ್ರವಾಸ ಕರೆದೊಯ್ಯುತ್ತೇವೆಂದರು. ಹೆಂಡತಿ ಅವನ ಮುಖ ನೋಡಿದಳು. ಮಗಳು ನೋಡಲಿಲ್ಲ, ತಟ್ಟೆಯನ್ನೇ ನೋಡುತ್ತ ಕೂತಳು. "ಹೋಗಿ ಬಾ" ಎಂದ. ದನಿ ಸರಿಯಾಗಿಯೇ ಬಂತು.

ಆ ದಿನ ಅವನು ಹೊಸದಾಗಿ ಕಟ್ಟಿದ ಬ್ಯಾಂಕಿನ ಗಾಜು ಒರೆಸುತ್ತಿದ್ದ. ಮಕ್ಕಳು ಈಗ ಸೇತುವೆಯ ಮೇಲಿರಬಹುದು ಎಂಬ ಯೋಚನೆ ಬಂದದ್ದೇ ಕೈ ನಿಂತಿತು. ಪಕ್ಕದ ಹಗ್ಗದಿಂದ ಮೌನಿ ಯಾವುದೋ ಮದುವೆಯ ಜಗಳದ ಕತೆ ಹೇಳುತ್ತಲೇ ಇದ್ದ. ಹೇಳುತ್ತಲೇ ಇರು ಎಂದು ಹಲ್ಲಿ ಸನ್ನೆ ಮಾಡಿದ. ಗಾಜಿನ ಮೇಲಿನ ಸೋಪು ಬಿಸಿಲಿಗೆ ಒಣಗಿ ಬಿಳಿ ಗೀರುಗಳಾದವು. ಮರುದಿನ ಬ್ಯಾಂಕಿನವರು ದೂರು ಕೊಟ್ಟರು. ಅವನ ಕೆಲಸದ ಮೇಲೆ ಬಂದ ಮೊದಲ ದೂರು ಅದು. ಅವನು ಹಗ್ಗ ಬಿಗಿದುಕೊಂಡು ಹೋಗಿ ಮತ್ತೊಮ್ಮೆ ಒರೆಸಿ ಬಂದ.